ಥೂ ಅಕ್ಕನ ಹನ್ನೊಂದು ಕಲ್ಲುಸೇಬಿನ ಮರಗಳು

ಸೇಬು ಪ್ಯಾಕ್ ಮಾಡುವ ಆ ಶೆಡ್ಡಿನಲ್ಲಿ ಬೆಲ್ಟಿನ ಕೊನೆಗೆ ಒಂದು ಎತ್ತರದ ಸ್ಟೂಲು, ಅದರ ಎಡಕ್ಕೆ ಮರದ ಹೊಟ್ಟು ತುಂಬಿದ ತಗಡಿನ ಬಕೆಟ್ಟು. ಇಪ್ಪತ್ತೊಂಬತ್ತು ವರ್ಷಗಳಿಂದ ಆ ಸ್ಟೂಲಿನ ಮೇಲೆ ಕೂರುವವರು ಒಬ್ಬರೇ. ನೂರು ಕ್ರೇಟು ದಾಟಿದಾಗೊಮ್ಮೆ ಅವರು ಒಂದು ಹಣ್ಣು ಎತ್ತಿಕೊಳ್ಳುತ್ತಾರೆ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತುತ್ತಾರೆ. ಮಡಚುವ ಚಾಕುವಿನಿಂದ ಅಡ್ಡಕ್ಕೆ ಕೊಯ್ದು ಬೀಜದ ಬಣ್ಣ ನೋಡುತ್ತಾರೆ. ಒಂದು ಹೋಳು ಬಾಯಿಗೆ ಹಾಕಿ ಏಳೆಂಟು ಸಲ ಅಗಿದು ಬಕೆಟ್ಟಿಗೆ ಉಗಿಯುತ್ತಾರೆ. ಆಮೇಲೆ ಆ ಕ್ರೇಟುಗಳ ಚೀಟಿಯ ಮೇಲೆ ಮೊಹರು ಬೀಳುತ್ತದೆ, ಅಥವಾ ಬೀಳುವುದಿಲ್ಲ.

ಕೊಯ್ಲಿನ ದಿನಗಳಲ್ಲಿ ಇದು ದಿನಕ್ಕೆ ಎಂಬತ್ತು ಸಲ. ಅಷ್ಟನ್ನೂ ನುಂಗುತ್ತಾ ಹೋದರೆ ಹೊಟ್ಟೆ ಏನಾಗಬೇಕು ಎಂಬುದು ಉಗಿಯುವುದಕ್ಕೆ ಮೊದಲು ಇದ್ದ ಕಾರಣ. ಈಗ ಅದೊಂದೇ ಕಾರಣವಲ್ಲ. ಶೆಡ್ಡಿನ ಹಣ್ಣನ್ನು ಅವರು ಕೊನೆಯ ಸಲ ನುಂಗಿದ್ದು ಯಾವಾಗ ಎಂದು ಕೇಳಿದರೆ ಸ್ವಲ್ಪ ಯೋಚಿಸಿ, "ಹಿರಿ ಮಗಳು ಹೊಟ್ಟೇಲಿದ್ದಾಗ" ಎನ್ನುತ್ತಾರೆ. ಆ ಮಗಳಿಗೆ ಈಗ ಇಪ್ಪತ್ತಾರು.

ಎದುರಿಗೆ ಎಲ್ಲರಿಗೂ ಅವರು ಅಕ್ಕ. ಬೆನ್ನ ಹಿಂದೆ ಥೂ ಅಕ್ಕ. ಆ ಹೆಸರಿಟ್ಟವರು ಶೀತಲಗೃಹದ ಕೋಣೆಗಳನ್ನು ನೋಡಿಕೊಳ್ಳುವ ಆಪರೇಟರ್. ಅದಕ್ಕೆ ಪ್ರತಿಯಾಗಿ ಅಕ್ಕ ಅವರಿಗೆ ಫ್ರಿಜ್ಜಣ್ಣ ಎಂದು ಹೆಸರಿಟ್ಟರು. ಈಗ ಆಪರೇಟರ್ ಅವರ ಹೆಂಡತಿಯೂ ಹಾಗೇ ಕರೆಯುತ್ತಾರೆ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ ಎಂದು ಹೊಸಬರು ತಿಳಿಯುತ್ತಾರೆ. ಮಧ್ಯಾಹ್ನದ ಚಹಾವನ್ನು ಇಪ್ಪತ್ತು ವರ್ಷಗಳಿಂದ ಇಬ್ಬರೂ ಒಂದೇ ಫ್ಲಾಸ್ಕಿನಿಂದ ಕುಡಿಯುತ್ತಿದ್ದಾರೆ.

"ಅಕ್ಕ ಒಂದು ಹೋಳು ನುಂಗಿದ ದಿನ ಶೆಡ್ಡಿಗೆ ರಜೆ ಕೊಡಬೇಕು" ಎಂದು ಫ್ರಿಜ್ಜಣ್ಣ ಹೇಳುವುದುಂಟು.

"ರಜೆ ಕೊಟ್ರೆ ನೀನೆಲ್ಲಿ ಹೋಗ್ತೀಯಾ? ಬಿಸಿಲಿಗೆ ಕರಗಿಬಿಡ್ತೀಯ."

ಶೆಡ್ಡಿಗೆ ಬರುವ ಹಣ್ಣಿನಲ್ಲಿ ಮುಕ್ಕಾಲು ಪಾಲು ಒಂದೇ ತಳಿ. ಅದಕ್ಕೆ ಅಂಗಡಿಯಲ್ಲಿ ಇಂಪಾದ ಹೆಸರೊಂದಿದೆ. ಶೆಡ್ಡಿನವರಿಗೆ ಅದು ನಂಬರ್ ಆರು. ಅದನ್ನು ಬೆಳೆಯುವುದು ಸುಲಭ. ಮರ ಅನ್ನಬೇಕೋ ತಂತಿಗೆ ಕಟ್ಟಿದ ಕಡ್ಡಿ ಅನ್ನಬೇಕೋ ತಿಳಿಯದಷ್ಟು ಕುಳ್ಳು. ನೆಟ್ಟ ಮೂರನೇ ವರ್ಷಕ್ಕೆ ಕಾಯಿ, ಆಮೇಲೆ ವರ್ಷವರ್ಷವೂ ಕಾಯಿ. ಏಣಿ ಬೇಡ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಹದಿನೈದು ವರ್ಷಕ್ಕೆ ಕಿತ್ತೆಸೆದು ಬೇರೆ ನೆಟ್ಟರಾಯಿತು. ಹಣ್ಣೆಲ್ಲ ಒಂದೇ ಅಳತೆ, ಒಂದೇ ಕೆಂಪು. ಕಚ್ಚಿದರೆ ಗರಕ್ಕೆನ್ನುತ್ತದೆ, ರಸ ಗದ್ದಕ್ಕೆ ಇಳಿಯುತ್ತದೆ, ಸಿಹಿಯಾಗಿರುತ್ತದೆ. ಇಷ್ಟನ್ನೂ ಅಕ್ಕ ಒಪ್ಪುತ್ತಾರೆ. ಅವರಿಗೆ ಹೇಸಿಗೆ ಹುಟ್ಟುವುದು ಅದರ ಮುಂದಿನ ಕ್ಷಣಕ್ಕೆ. ಸಿಹಿ ಬಂತು, ಹೋಯಿತು, ನಾಲಗೆಯ ಮೇಲೆ ಏನೂ ಉಳಿಯಲಿಲ್ಲ.

"ಸಕ್ಕರೆ ನೀರಲ್ಲಿ ನೆನೆಸಿದ ಥರ್ಮೋಕೋಲು" ಎನ್ನುತ್ತಾರೆ. ಬೆಳಗ್ಗೆ ಕೊಯ್ದ ಹೋಳನ್ನು ಮೇಜಿನ ಮೇಲಿಟ್ಟರೆ ಸಂಜೆಗೂ ಬೆಳ್ಳಗೆ ಇರುತ್ತದೆ. ಮಾರುಕಟ್ಟೆಯವರಿಗೆ ಅದೊಂದು ದೊಡ್ಡ ಗುಣ. ಅಕ್ಕನಿಗೆ ಅದನ್ನು ನೋಡಲೂ ಮನಸ್ಸಾಗುವುದಿಲ್ಲ. "ಹೆಣವಾದ್ರೂ ಬಣ್ಣ ಬದಲಾಯಿಸುತ್ತೆ." ಬೆಲ್ಟಿನ ಮೇಲೆ ಹಣ್ಣಿಗೆ ಹೊಡೆಯುವ ಮೇಣ ಸಂಜೆಯ ಹೊತ್ತಿಗೆ ಅವರ ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಜಿಡ್ಡಾಗಿ ಕೂತಿರುತ್ತದೆ. ಅದನ್ನು ಬೆಂಕಿಕಡ್ಡಿಯಿಂದ ಕೆರೆದು ತೆಗೆಯದೆ ಅವರು ಊಟಕ್ಕೆ ಕೂರುವುದಿಲ್ಲ.

ಹಾಗೆಂದು ಹಳೆಯದೆಲ್ಲ ಚೆನ್ನ ಅನ್ನುವವರನ್ನು ಕಂಡರೂ ಅವರಿಗೆ ಅಷ್ಟೇ ಹೇಸಿಗೆ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಈ ಸುತ್ತಿನಲ್ಲಿ ಒಂಬತ್ತು ಬಗೆಯ ಹಳೆ ಸೇಬುಗಳಿದ್ದವು. ಅವುಗಳಲ್ಲೊಂದು, ಜನ ಹಿಟ್ಟುಸೇಬು ಎನ್ನುತ್ತಿದ್ದದ್ದು, ಕೊಯ್ದ ಮೂರೇ ವಾರಕ್ಕೆ ಬಾಯಲ್ಲಿ ಒದ್ದೆ ಸುಣ್ಣದಂತಾಗುತ್ತಿತ್ತು. ಇನ್ನೊಂದಕ್ಕೆ ಮೈತುಂಬ ಕಪ್ಪು ಕಜ್ಜಿ. ಮತ್ತೊಂದರಲ್ಲಿ ಹುಳವಿಲ್ಲದ ಹಣ್ಣು ಸಿಕ್ಕರೆ ಹೆಂಗಸರು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. ಆ ಮರಗಳನ್ನು ಕಡಿದಾಗ ಅಕ್ಕ ಕಣ್ಣೀರು ಹಾಕಲಿಲ್ಲ. "ಹೋಗ್ಲಿ, ಪೀಡೆ" ಅಂದಿದ್ದರು. ಅವರು ಹಲ್ಲು ಕಚ್ಚಿ ಹಿಡಿದುಕೊಂಡದ್ದು ಒಂದೇ ಒಂದು ತಳಿಯನ್ನು. ಕಲ್ಲುಸೇಬು.

ಕಲ್ಲುಸೇಬಿನ ಮರಗಳು ಹನ್ನೊಂದು ಉಳಿದಿದ್ದವು. ಶೆಡ್ಡಿನ ಹಿಂದೆ, ಲಾರಿ ತಿರುಗಿಸುವ ಜಾಗದ ಅಂಚಿನಲ್ಲಿ ಒಂದೇ ಸಾಲು. ಮೂರಾಳೆತ್ತರ, ಗಂಟುಗಂಟು, ಕೊಯ್ಯಲು ಉದ್ದನೆಯ ಏಣಿ ಬೇಕು. ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ. ಗಾಳಿ ಜೋರಾಗಿ ಬೀಸಿದರೆ ಅರ್ಧ ನೆಲಕ್ಕೆ. ಹಣ್ಣು ಮಂಕು ಹಸಿರು, ತೊಟ್ಟಿನ ಸುತ್ತ ತುಕ್ಕು ಹಿಡಿದಂಥ ಕಂದು. ಕಿತ್ತ ದಿನ ತಿಂದರೆ ಹುಳಿ, ಒಗರು, ಕಲ್ಲಿನಂಥ ಗಟ್ಟಿ. ತಣ್ಣನೆಯ ಕತ್ತಲಲ್ಲಿ ಎರಡೂವರೆ ತಿಂಗಳು ಸುಮ್ಮನೆ ಬಿಡಬೇಕು. ಆಗ ಸಿಪ್ಪೆ ಹಳದಿಗೆ ತಿರುಗಿ ಸುಕ್ಕಾಗುತ್ತದೆ. ಒಳಗಿನ ಒಗರು ಕರಗಿ ಹುಳಿಯೂ ಸಿಹಿಯೂ ಒಂದರ ಹೆಗಲ ಮೇಲೊಂದು ಕೈ ಹಾಕಿ ಬರುತ್ತವೆ. ತಿಂದು ಅರ್ಧ ಗಂಟೆಯಾದರೂ ಬಾಯಲ್ಲಿ ಇರುತ್ತವೆ. ಅಕ್ಕ ಉಗಿಯದೆ ನುಂಗುವ ಸೇಬು ಅದೊಂದೇ.

ಆ ವರ್ಷ ಮರಗಳಿಗೆ ಕಾಯಿಯ ವರ್ಷ. ಕೊಯ್ಲು ನಡೆಯುತ್ತಿದ್ದಾಗ ಪಟ್ಟಣದ ದೊಡ್ಡ ಹಣ್ಣಿನ ಅಂಗಡಿಯೊಂದರಿಂದ ಮೂವರು ಬಂದರು. ಅವರ ಗಿರಾಕಿಗಳಿಗೆ ಈಗ ಹಳೆಯ ತಳಿ ಬೇಕಂತೆ. ಹೊಳಪು ಬೇಡ, ಮಚ್ಚೆಯಿದ್ದರೆ ಒಳ್ಳೆಯದಂತೆ. ಶೆಡ್ಡಿನ ಯಜಮಾನರು, ಐವತ್ತು ದಾಟಿದ, ಯಾರ ಮನಸ್ಸನ್ನೂ ನೋಯಿಸಲು ಇಷ್ಟಪಡದ ಮನುಷ್ಯ, ಅವರನ್ನು ಹಿತ್ತಲಿಗೆ ಕರೆದೊಯ್ದರು. ಮೂವರೂ ಮರಗಳ ಫೋಟೋ ತೆಗೆದುಕೊಂಡರು. ತೊಗಟೆಯನ್ನು ಮುಟ್ಟಿ ನೋಡಿದರು. ಯಜಮಾನರು ಒಂದು ಕಲ್ಲುಸೇಬು ಕಿತ್ತು ಕೊಟ್ಟರು.

"ಇವತ್ತು ತಿನ್ನೋ ಹಣ್ಣಲ್ಲ ಅದು" ಎಂದು ಅಕ್ಕ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಂದವರಲ್ಲಿ ಹಿರಿಯಾಕೆ ಕಚ್ಚಿ, ಮುಖ ಕಿವುಚಿ, ಕರವಸ್ತ್ರಕ್ಕೆ ಉಗಿದು ಮಡಚಿ ಕೈಚೀಲಕ್ಕೆ ಹಾಕಿಕೊಂಡರು. ಯಜಮಾನರ ಮುಖ ಸಣ್ಣದಾಯಿತು. ಅವರು ಒಳಗೆ ಹೋಗಿ ಹಣ್ಣು ತುಂಬಿದ ಒಂದು ತಟ್ಟೆ ತಂದರು. ಆಲಿಕಲ್ಲಿನ ಏಟು ಬಿದ್ದು ಬೆಲ್ಟಿನಿಂದ ತೆಗೆದುಹಾಕಿದ ನಂಬರ್ ಆರು. ಮೇಣ ಹೊಡೆಯದ್ದು, ಮಚ್ಚೆ ಬಿದ್ದದ್ದು, ಸೊಟ್ಟಗಿದ್ದದ್ದು. "ಇದು ನಮ್ಮ ಇನ್ನೊಂದು ಹಳೇ ಮರದ್ದು" ಎಂದರು.

ಹಿರಿಯಾಕೆ ಕಚ್ಚಿದರು. ಕಣ್ಣು ಮುಚ್ಚಿದರು. "ನೋಡಿ, ಇದಪ್ಪಾ. ಚಿಕ್ಕಂದಿನಲ್ಲಿ ನಮ್ಮಜ್ಜಿ ಮನೇಲಿ ತಿಂದಿದ್ದು ಇದೇ ರುಚಿ."

ನಂಬರ್ ಆರನ್ನು ಪ್ರಯೋಗಾಲಯದಿಂದ ಹೊರಗೆ ತಂದು ಹದಿಮೂರು ವರ್ಷವಾಗಿತ್ತು. ಆಕೆಗೆ ಅರವತ್ತರ ಮೇಲಾಗಿತ್ತು. ಅಕ್ಕ ಪಕ್ಕದಲ್ಲೇ ನಿಂತಿದ್ದರು. ಆ ದಿನ ಮನೆಗೆ ಹೋಗಿ ಗಂಡನ ಮುಂದೆ ಎಲ್ಲವನ್ನೂ ಹೇಳಿ, "ಆ ಯಪ್ಪ ಸುಳ್ಳು ಹೇಳಿದ್ದಕ್ಕಿಂತ ನಾನು ಗೊಂಬೆ ಥರ ನಿಂತಿದ್ದೆ ನೋಡಿ, ಅದೇ ಅಸಹ್ಯ" ಎಂದರು.

ಅವರ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಮುಖ ಮಾಡಿದ ಮೆಷಿನ್ನು, ಗೋಡೆಗೊರಗಿಸಿದ ಕತ್ತರಿಸುವ ಹಲಗೆ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಮಾತಾಡುವ ಅಭ್ಯಾಸ ಅವರದು. "ನೀನು ದಿನಾ ಉಗೀತೀಯ, ಅವರು ಇವತ್ತೊಂದಿನ ಉಗಿದ್ರು. ಅದಕ್ಕೆ ಇಷ್ಟು ಸಿಟ್ಟಾ?"

"ನಾನು ತಿಳಿದು ಉಗೀತೀನಿ ಕಣ್ರೀ."

ಅಂಗಡಿಯವರು ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟು ಹೋದರು. ಪೆಟ್ಟಿಗೆಯ ಹೆಸರು ಅಜ್ಜಿಯ ಬುಟ್ಟಿ. ಬೆಲ್ಟಿನ ಪಕ್ಕದಲ್ಲಿ ಹೊಸ ಮೇಜೊಂದು ಬಂತು. ಅಲ್ಲಿ ಇಬ್ಬರು ಹೆಂಗಸರು ನಂಬರ್ ಆರರ ರಾಶಿಯಿಂದ ಚೆಂದ ಇಲ್ಲದ್ದನ್ನು ಆರಿಸುತ್ತಿದ್ದರು. ಕೆಲವಕ್ಕೆ ಮಚ್ಚೆ ಸಾಲದು ಎಂದು ಪಾತ್ರೆ ತಿಕ್ಕುವ ನಾರಿನಿಂದ ಒಂದೆರಡು ಸಲ ಉಜ್ಜುತ್ತಿದ್ದರು. ಅಕ್ಕ ತಮ್ಮ ಸ್ಟೂಲನ್ನು ಆ ಮೇಜಿಗೆ ಬೆನ್ನು ಬರುವಂತೆ ತಿರುಗಿಸಿಕೊಂಡರು. ಅಜ್ಜಿಯ ಬುಟ್ಟಿಗೆ ಮೊಹರು ಒತ್ತುವುದಿಲ್ಲ ಎಂದರು. ಯಜಮಾನರು, "ಬೇಡ ಬಿಡಿ ಅಕ್ಕ, ಹಳೇ ಕಾಲದಲ್ಲಿ ಮೊಹರು ಎಲ್ಲಿತ್ತು" ಎಂದು ನಕ್ಕರು.

ಆರ್ಡರ್ ಹೆಚ್ಚಿತು, ಲಾರಿ ಹೆಚ್ಚಿತು, ಲಾರಿ ನಿಲ್ಲಿಸಲು ಜಾಗ ಸಾಲಲಿಲ್ಲ. ಒಂದು ಮಧ್ಯಾಹ್ನ ಯಜಮಾನರು ಅಕ್ಕನ ಸ್ಟೂಲಿನ ಹತ್ತಿರ ಬಂದು, ಹಿತ್ತಲಿನ ಸಾಲನ್ನು ತೆಗೆಸುತ್ತೇನೆ ಎಂದರು. ನೆಲಕ್ಕೆ ಕಾಂಕ್ರೀಟು ಹಾಕಿಸಬೇಕು.

"ನೀವೇ ನೋಡಿದ್ರಲ್ಲ ಅಕ್ಕ. ಬಾಯಿಗಿಡೋಕಾಗಲ್ಲ ಅಂತ ಉಗಿದ್ರು."

"ಯಜಮಾನ್ರೇ, ನೀವು ಅದನ್ನ ಹಣ್ಣಾದ್ಮೇಲೆ ತಿಂದಿದ್ದೀರಾ?"

ಅವರು ತಿಂದಿರಲಿಲ್ಲ. ಅವರ ತಂದೆಯ ಕಾಲಕ್ಕೇ ಕಲ್ಲುಸೇಬನ್ನು ಮಾರುವುದು ನಿಂತಿತ್ತು.

"ಎಪ್ಪತ್ತೈದು ದಿನ ಕೊಡಿ. ಒಂದು ಕ್ರೇಟು ಇಡ್ತೀನಿ. ನೀವೇ ತಿನ್ನಿ. ಉಗಿದ್ರೆ ಮರ ತೆಗೆಸಿ. ನಾನು ಮಾತಾಡಲ್ಲ."

ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡಿದರು. "ಶೀತಲಗೃಹದ ನಾಲ್ಕನೇ ಕೋಣೆ ತೆಗೆಯೋದೂ ಆಗಲೇ, ಆ ದಿನ ನಾನು ಇಲ್ಲೇ ಇರ್ತೀನಿ. ಅವತ್ತು ಅದರ ಹಣ್ಣಿನ ಜೊತೆ ನಿಮ್ಮದನ್ನೂ ತಿಂದು ನೋಡ್ತೀನಿ. ಮರ ಕೊಯ್ಯೋರಿಗೆ ಮಾರನೇ ದಿನ ಬನ್ನಿ ಅಂತೀನಿ." ಮರಗಳಿಗೆ ಸಿಕ್ಕ ಅವಕಾಶ ಅದೊಂದೇ. ಮುಂದಿನ ವರ್ಷ ಕಾಯಿಯೇ ಇರುವುದಿಲ್ಲ.

ಅಕ್ಕ ಏಣಿ ಹತ್ತಿ ತಾವೇ ಕೊಯ್ದರು. ಒಂದೊಂದನ್ನೂ ತೊಟ್ಟಿನ ಸಮೇತ, ಉಗುರು ತಾಗದಂತೆ. ನೆಲಕ್ಕೆ ಬಿದ್ದ ಹಣ್ಣುಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅದಕ್ಕೆ ಕಾರಣವಿತ್ತು.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ನೆಲದಿಂದ ಹೆಕ್ಕಿದ ಹಣ್ಣು ಬೆರೆತಿದ್ದ ಕೆಲವು ಕ್ರೇಟುಗಳಿಗೆ ಅವರು ತಿಳಿಯದೆ ಮೊಹರು ಒತ್ತಿದ್ದರು. ಚಳಿಗಾಲ ಕಳೆದು ಕೋಣೆಯ ಬಾಗಿಲು ತೆರೆದಾಗ ಹೊರಗೆ ಬಂದದ್ದು ವಾಸನೆಯಲ್ಲ, ಬಿಸಿ ಉಸಿರು. ನೀಲಿ ಬೂಷ್ಟಿನ ಕಂಬಳಿ ಹೊದ್ದ ಕ್ರೇಟುಗಳು. ಎತ್ತಿದರೆ ತಳದಿಂದ ಕಂದು ಲೋಳೆ ಸುರಿಯುತ್ತಿತ್ತು. ಎಂಟು ಜನ ಮೂರು ದಿನ ಸಲಿಕೆಯಿಂದ ಬಾಚಿ ಹೊರಗೆ ಹಾಕಿದರು. ಅಕ್ಕ ಎರಡು ಸಲ ವಾಂತಿ ಮಾಡಿಕೊಂಡು ಮತ್ತೆ ಸಲಿಕೆ ಹಿಡಿದರು. ಆ ಲೋಳೆ ಬೂಟಿನೊಳಗೆ ಇಳಿದು ಕಾಲ್ಬೆರಳ ಸಂದಿಯಲ್ಲಿ ಆರಿ ಅಂಟಿಕೊಂಡದ್ದನ್ನು ಅವರು ಈಗಲೂ ಹೇಳುತ್ತಾರೆ, ಹೇಳುವಾಗ ಚಪ್ಪಲಿಯೊಳಗೆ ಬೆರಳು ಮಡಚುತ್ತಾರೆ. ಆಮೇಲೆ ಶೆಡ್ಡಿನ ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು ಹಾಕಿಸಿದವರು ಅವರೇ. ನೆಲ ಮುಟ್ಟಿದ ಹಣ್ಣು ಒಳಗೆ ಬರಕೂಡದು. ಈ ಬೋರ್ಡಿನ ಕಾರಣಕ್ಕೆ ಅವರು ಮೂವರನ್ನು ಕೆಲಸದಿಂದ ಬಿಡಿಸಿದ್ದಾರೆ.

ಕ್ರೇಟನ್ನು ಶೆಡ್ಡಿನ ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟರು. ತಣ್ಣಗಿನ, ಕತ್ತಲ ಜಾಗ. ಮೇಲೆ ಗೋಣಿ ಹೊದಿಸಿದರು. ಮೊದಲು ಮನೆಯಲ್ಲೇ ಇಡುವ ಯೋಚನೆಯಿತ್ತು. ಗಂಡ ಬೇಡವೆಂದರು. ಹಿಂದೊಮ್ಮೆ ಇಟ್ಟಾಗ ಗಿರಾಕಿಗಳ ಕೋಟಿಗೆಲ್ಲ ಸೇಬಿನ ವಾಸನೆ ಹತ್ತಿ, ಒಬ್ಬರು ಮದುವೆಗೆಂದು ಹೊಲಿಸಿದ ಸೂಟನ್ನು ಮೂಸಿ ನೋಡಿ, "ಟೈಲರ್ ಮಾಮ, ಇದನ್ನ ಹಾಕ್ಕೊಬೇಕಾ, ತಿನ್ನಬೇಕಾ" ಎಂದು ಕೇಳಿದ್ದರಂತೆ.

ಅಷ್ಟರಲ್ಲಿ ಅಕ್ಕನ ತಂಗಿಗೆ ಪಿತ್ತಕೋಶದ ಆಪರೇಷನ್ ಆಯಿತು. ಅಕ್ಕ ಹತ್ತು ದಿನ ರಜೆ ಹಾಕಿ ಹೋದರು. ಹೋಗುವಾಗ ಫ್ರಿಜ್ಜಣ್ಣನಿಗೆ ಹೇಳಿದ್ದು ಇಷ್ಟೇ: "ನನ್ನ ಕ್ರೇಟಿನ ಮೇಲೆ ಒಂದು ಕಣ್ಣಿಟ್ಟಿರಪ್ಪಾ. ಇಲಿಗಿಲಿ ಮುಟ್ಟದ ಹಾಗೆ ನೋಡ್ಕೋ."

ಮರಳಿ ಬಂದಾಗ ಗೂಡು ಖಾಲಿ. ಗೋಣಿ ಅಚ್ಚುಕಟ್ಟಾಗಿ ಮಡಚಿಟ್ಟಿತ್ತು.

"ಇಲಿ ಬಂದಿತ್ತು ಅಕ್ಕ" ಎಂದರು ಫ್ರಿಜ್ಜಣ್ಣ. ಮುಖದಲ್ಲಿ ಬಹುಮಾನ ಗೆದ್ದವರ ಕಳೆ. "ಒಂದು ಹಣ್ಣು ಕಡಿದಿತ್ತು. ನನಗೆ ಜೀವ ತಡೀಲಿಲ್ಲ. ನಾಲ್ಕನೇ ಕೋಣೆ ಮುಚ್ಚೋ ಹಿಂದಿನ ದಿನ ತಗೊಂಡು ಹೋಗಿ ಒಳಗಿಟ್ಟೆ. ಮಧ್ಯದಲ್ಲಿ, ಒಳ್ಳೇ ಜಾಗ. ನಿಮ್ಮ ಹೆಸರು ಬರೆದು ಚೀಟಿನೂ ಅಂಟಿಸಿದ್ದೀನಿ. ಅದೇ ದಿನ ತಾನೇ ತೆಗೆಯೋದು?"

ಅಕ್ಕ ಮಡಚಿಟ್ಟ ಗೋಣಿಯನ್ನು ಎತ್ತಿ ಮತ್ತೆ ಕೆಳಗಿಟ್ಟರು.

"ಜೋಗುಳ ಹಾಕಿದ್ಯಾ?"

ಶೆಡ್ಡಿನವರು ಜೋಗುಳ ಎನ್ನುವುದು ಕೋಣೆ ಮುಚ್ಚಿದ ಮೊದಲ ದಿನ ಬಿಡುವ ಒಂದು ಅನಿಲಕ್ಕೆ. ಅದು ಹಣ್ಣನ್ನು ಮಲಗಿಸುತ್ತದೆ. ಮಲಗಿದ ಹಣ್ಣು ಕಿತ್ತ ದಿನ ಹೇಗಿತ್ತೋ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಕಿತ್ತ ದಿನವೇ ತಿನ್ನಲು ತಯಾರಾಗಿರುವ ನಂಬರ್ ಆರಿಗೆ ಅದು ವರ. ಇಟ್ಟರೆ ಮಾತ್ರ ಹಣ್ಣಾಗುವ ಕಲ್ಲುಸೇಬಿಗೆ ಅದು ಕೊರಳು ಹಿಸುಕಿದಂತೆ.

"ಹಾಕದೆ ಇರ್ತೀನಾ? ನಾನೇ ಕೈಯಾರೆ..." ಎಂದು ಶುರು ಮಾಡಿದ ಫ್ರಿಜ್ಜಣ್ಣ ಅಲ್ಲಿಗೇ ನಿಲ್ಲಿಸಿದರು. ಇಷ್ಟು ವರ್ಷ ಕೋಣೆ ಕಾದವರು, ಕಲ್ಲುಸೇಬಿನ ಗುಣ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಣ್ಣೆಂದರೆ ಮಲಗಿಸಬೇಕು ಎಂಬುದು ಅವರ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಕೈ ತಲೆಯನ್ನು ಕೇಳಲೇ ಇಲ್ಲ. "ಅಯ್ಯೋ, ಅಕ್ಕ."

"ಬಾಗಿಲು ತೆಗಿ."

"ತೆಗೆಯೋಕಾಗಲ್ಲ. ಗಾಳಿ ಒಳಗೆ ಹೋದ್ರೆ ಇಡೀ ಕೋಣೆ..."

ಆಗುವುದಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು. ಅವರು ಹಿತ್ತಲಿಗೆ ಓಡಿದರು. ಅವರಿಲ್ಲದ ವಾರದಲ್ಲಿ ಗಾಳಿ ಬೀಸಿತ್ತು. ಕೊಂಬೆಗಳ ಮೇಲೆ ಒಂದು ಹಣ್ಣೂ ಉಳಿದಿರಲಿಲ್ಲ. ಎಲ್ಲ ನೆಲಕ್ಕೆ ಬಿದ್ದು, ಮೇಲೆ ಎಲೆ ಉದುರಿ ಮುಚ್ಚಿತ್ತು. ನೆಲ ಮುಟ್ಟಿದ್ದು. ಅಕ್ಕನ ಲೆಕ್ಕದಲ್ಲಿ ಅದು ಸೇಬಾಗಿ ಉಳಿದಿರಲಿಲ್ಲ, ಬರೀ ಕೊಳೆ. ಅವರು ಬೂಟಿನ ತುದಿಯಿಂದ ಎಲೆಯನ್ನು ಸರಿಸಿಯೂ ನೋಡದೆ ಹಿಂದಿರುಗಿದರು.

ಆಮೇಲಿನ ಎರಡು ತಿಂಗಳು ಇಬ್ಬರೂ ಬೇರೆಬೇರೆ ಫ್ಲಾಸ್ಕಿನಲ್ಲಿ ಚಹಾ ತಂದರು.

ನಾಲ್ಕನೇ ಕೋಣೆ ತೆರೆದ ಬೆಳಗ್ಗೆ ಯಜಮಾನರು ಬಂದರು. ಫ್ರಿಜ್ಜಣ್ಣ ಕ್ರೇಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟು, ಗೋಡೆ ನೋಡುತ್ತ ನಿಂತರು. ಹಣ್ಣು ಅದೇ ಮಂಕು ಹಸಿರು. ಒಂದು ಸುಕ್ಕಿಲ್ಲ. ಅಕ್ಕ ಒಂದನ್ನು ಕೊಯ್ದು, ಹೋಳನ್ನು ಬಾಯಿಗಿಟ್ಟು ಮೂರೇ ಸಲ ಅಗಿದು ಉಗಿದರು. ಕಿತ್ತ ದಿನದ ಅದೇ ಒಗರು, ಜೊತೆಗೆ ಖಾಲಿ ಡಬ್ಬಿಯ ವಾಸನೆ. ಯಜಮಾನರೂ ತಿಂದರು. ದೊಡ್ಡ ಮನೆತನದ ಮನುಷ್ಯ, ಉಗಿಯಲು ಸಂಕೋಚ. ಕಷ್ಟಪಟ್ಟು ನುಂಗಲು ನೋಡಿ, ಆಗದೆ ಅಕ್ಕನ ಬಕೆಟ್ಟಿನ ಕಡೆ ಬಗ್ಗಿದರು.

ಅಕ್ಕ ನಡೆದದ್ದನ್ನು ಹೇಳಿದರು. ಜೋಗುಳದ ವಿಷಯ, ಗಾಳಿಯ ವಿಷಯ.

"ಇರಬಹುದು ಅಕ್ಕ. ಆದ್ರೆ ನಾಳೆ ಮರ ಕೊಯ್ಯೋರು ಬರ್ತಾರೆ. ಕಾಂಕ್ರೀಟಿನೋರಿಗೂ ಹೇಳಿಯಾಗಿದೆ." ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ಅಕ್ಕನಿಗೆ ಅದನ್ನು ಕೇಳಿ ಇನ್ನಷ್ಟು ವಾಕರಿಕೆ ಬಂತು.

ಮಾರನೇ ಬೆಳಗ್ಗೆ ಎಂಟೂವರೆಗೆ ಹಿತ್ತಲಿನಿಂದ ಗರಗಸದ ಮೆಷಿನ್ನಿನ ಸದ್ದು ಬರಬೇಕಿತ್ತು. ಬರಲಿಲ್ಲ. ಒಂಬತ್ತಾದರೂ ಬರಲಿಲ್ಲ. ಕಾಯುವುದು ಕೊಯ್ಯುವುದಕ್ಕಿಂತ ಹಿಂಸೆ ಎನಿಸಿ ಅಕ್ಕ ಸ್ಟೂಲಿನಿಂದಿಳಿದು ಹಿತ್ತಲಿಗೆ ಹೋದರು. ಮರ ಕೊಯ್ಯುವವರು, ಕಿವಿಗೆ ಕಿತ್ತಳೆ ಬಣ್ಣದ ಮುಚ್ಚಳ ಹಾಕಿಕೊಂಡ ದಪ್ಪ ಮನುಷ್ಯ, ಮೊದಲ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದರು. ಮೆಷಿನ್ನು ಪಕ್ಕಕ್ಕೆ ಬಿದ್ದಿತ್ತು. ಅವರು ಏನನ್ನೋ ತಿನ್ನುತ್ತಿದ್ದರು. ಸುತ್ತ ಎಲೆಗಳ ಮೇಲೆ ತಿಂದುಳಿದ ಆರೇಳು ದಿಂಡುಗಳು ಬಿದ್ದಿದ್ದವು.

"ಏನಪ್ಪಾ ತಿಂತಿದ್ದೀಯಾ?"

"ಸೇಬು." ಅವರು ಕಿವಿಯ ಮುಚ್ಚಳ ತೆಗೆದರು. "ಎಲೆ ಕೆಳಗೆ ರಾಶಿ ಬಿದ್ದಿದೆ ಅಕ್ಕ. ಅರ್ಧ ಕೊಳೆತಿದೆ, ಅರ್ಧ ಚೆನ್ನಾಗಿದೆ. ಒಂದು ತಿಂದು ಕೆಲಸ ಶುರು ಮಾಡೋಣ ಅಂತ ಕೂತೆ. ಏಳೋಕೆ ಮನಸ್ಸಾಗ್ತಿಲ್ಲ."

"ನೆಲದ್ದು ತಿಂತಿದ್ದೀಯಲ್ಲೋ. ಹೇಸಿಗೆ ಅನ್ನೋದಿಲ್ವಾ ನಿಂಗೆ?"

"ಆಲೂಗಡ್ಡೆ ಎಲ್ಲಿಂದ ಬರುತ್ತೆ ಅಕ್ಕ?"

ಅಕ್ಕ ಬಗ್ಗಿ ಎಲೆ ಸರಿಸಿದರು. ಕೆಳಗೆ ಒದ್ದೆ, ಕಪ್ಪು, ಹುಳಿ ನಾತ. ಒಂದು ಹಣ್ಣಿನ ಮೇಲೆ ಬೂಷ್ಟು. ಇನ್ನೊಂದನ್ನು ಮುಟ್ಟಿದರೆ ಬೆರಳು ಒಳಗೇ ಹೋಯಿತು. ಮೂರನೆಯದರ ಮೇಲೆ ಚಿಪ್ಪಿಲ್ಲದ ಬಸವನಹುಳು ಬೆಳ್ಳಿಯ ಲೋಳೆ ಬಿಟ್ಟುಕೊಂಡು ಮಲಗಿತ್ತು. ಅದರ ಸಿಪ್ಪೆ ಹಳದಿ. ಸುಕ್ಕಾಗಿತ್ತು. ಹುಳುವನ್ನು ಎಲೆಯಿಂದ ತೆಗೆದುಹಾಕಿ, ಹಣ್ಣನ್ನು ಸೆರಗಿನಿಂದ ಒರೆಸಿದರು. ಮತ್ತೆ ಒರೆಸಿದರು. ಮೂಗಿನ ಹತ್ತಿರ ಹಿಡಿದರು. ಕೊಳೆತ ಒಂದು ಬದಿಯನ್ನು ದಪ್ಪಗೆ ಕೊಯ್ದು ಎಸೆದರು. ಉಳಿದದ್ದರಲ್ಲಿ ಒಂದು ಹೋಳು ತೆಗೆದು ಚಾಕುವಿನ ತುದಿಯಲ್ಲಿ ಹಿಡಿದುಕೊಂಡು ನಿಂತರು. ಮೂರು ದಿನ ಬಾಚಿದ ಲೋಳೆ ಗಂಟಲ ತನಕ ಬಂದಿತ್ತು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು.

ಏಳೆಂಟು ಸಲ ಅಗಿದರು. ನುಂಗಿದರು.

ಯಜಮಾನರನ್ನು ಕರೆದು ತಂದವರು ಫ್ರಿಜ್ಜಣ್ಣ. ಕಿಟಕಿಯಿಂದ ಅವರು ಎಲ್ಲವನ್ನೂ ನೋಡುತ್ತಿದ್ದರು. ಆಫೀಸಿನ ಬಾಗಿಲನ್ನು ಬಡಿಯದೆಯೇ ಒಳಗೆ ನುಗ್ಗಿ, "ಅಕ್ಕ ನುಂಗಿದ್ರು" ಎಂದಷ್ಟೇ ಹೇಳಿದರಂತೆ. ಯಜಮಾನರು ಹೊಳೆಯುವ ಷೂ ಹಾಕಿಕೊಂಡೇ ಒದ್ದೆ ಎಲೆಗಳ ಮೇಲೆ ಬಂದರು. ಅಕ್ಕ ಇನ್ನೊಂದು ಹಣ್ಣನ್ನು ಕೊಯ್ದು ಚೆನ್ನಾಗಿದ್ದ ಕಡೆಯ ಹೋಳನ್ನು ಚಾಚಿದರು.

"ಸಿಪ್ಪೆ ಜಿಡ್ಡಾಗಿದೆಯಲ್ಲ. ಇದಕ್ಕೂ ಮೇಣ ಹಚ್ಚಿದ್ದೀರಾ?"

"ಅದು ಅದರದ್ದೇ ಮೇಣ."

ಯಜಮಾನರು ಹಣ್ಣಿನ ಇನ್ನೊಂದು ಬದಿಯನ್ನು ನೋಡಿ ಮುಖ ಹಿಂದಕ್ಕೆಳೆದರು. "ನೆಲದ್ದು ಒಳಗೆ ಬರಕೂಡದು ಅಂತ ಬೋರ್ಡು ಬರೆಸಿದೋರು ನೀವೇ ಅಲ್ವಾ ಅಕ್ಕ?"

"ಒಳಗೆ ತಂದಿಲ್ಲ. ನೀವು ಹೊರಗೆ ಬಂದಿದ್ದೀರಿ."

ಅವರು ತಿಂದರು. ಬಹಳ ಹೊತ್ತು ಅಗಿದರು. ಮರದ ಕಡೆ ನೋಡಿದರು, ಕೈಗಡಿಯಾರ ನೋಡಿದರು, ಕೊನೆಗೆ ನುಂಗಿ, ಇನ್ನೊಂದು ಹೋಳಿಗೆ ಕೈ ಚಾಚಿದರು. ಮರ ಕೊಯ್ಯುವವರು ಜೇಬಿನ ತುಂಬ ಸೇಬು ತುಂಬಿಕೊಂಡು, ಮೆಷಿನ್ನನ್ನು ಹೆಗಲಿಗೇರಿಸಿ ಹೋದರು. ಲಾರಿಗಳಿಗೆ ಜಾಗವನ್ನು ಶೆಡ್ಡಿನ ಮುಂದೆ, ಯಜಮಾನರ ಕಾರು ನಿಲ್ಲುತ್ತಿದ್ದ ಕಡೆ ಮಾಡಲಾಯಿತು. ಆ ಮಧ್ಯಾಹ್ನ ಫ್ರಿಜ್ಜಣ್ಣ ಫ್ಲಾಸ್ಕು ತರಲಿಲ್ಲ. ಅಕ್ಕ ತಮ್ಮದರಿಂದ ಬಗ್ಗಿಸಿಕೊಟ್ಟರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮರುವರ್ಷದ ಕೊಯ್ಲಿನಲ್ಲಿ ಅಜ್ಜಿಯ ಬುಟ್ಟಿಗೆ ಹೊಸ ಚೀಟಿ ಬೇಕೆಂದು ಅಂಗಡಿಯವರು ಫೋಟೋಗ್ರಾಫರನ್ನು ಕಳಿಸಿದರು. ಹಳೆಯ ಮರದ ಚಿತ್ರ ಬೇಕು, ಮರದ ತುಂಬ ಹಣ್ಣಿರಬೇಕು. ಅದು ಕಾಯಿಯಿಲ್ಲದ ವರ್ಷ. ಯಜಮಾನರು ಒಂದು ಉಪಾಯ ಮಾಡಿದರು. ಫ್ರಿಜ್ಜಣ್ಣನನ್ನು ಟೈಲರ್ ಮನೆಗೆ ಕಳಿಸಿ ಗಟ್ಟಿ ಕಪ್ಪು ದಾರದ ಒಂದು ಉಂಡೆ ತರಿಸಿದರು. ಯಾಕೆಂದು ಟೈಲರ್ ಕೇಳಲಿಲ್ಲ, ಬಾಯಲ್ಲಿ ಗುಂಡುಸೂಜಿಯಿತ್ತು. ಅದೇ ದಾರದಿಂದ ಮೊದಲ ಮರದ ಕೆಳಗಿನ ಕೊಂಬೆಗಳಿಗೆ ನಲವತ್ತು ನಂಬರ್ ಆರು ಕಟ್ಟಿದರು, ಮಚ್ಚೆ ಇರುವಂಥವನ್ನೇ ಆರಿಸಿ. ಚಿತ್ರ ಚೆನ್ನಾಗಿ ಬಂತು.

ಅಕ್ಕ ಸ್ಟೂಲಿನಿಂದ ಏಳದೆ ಕಿಟಕಿಯಿಂದ ನೋಡಿದರು. ಮರಗಳು ಉಳಿದದ್ದು ಆ ಹೋಳಿನ ರುಚಿಗೋ ಈ ಚಿತ್ರಕ್ಕೋ ಎಂದು ಅವರು ಯಜಮಾನರನ್ನು ಕೇಳಿಲ್ಲ. ಕೇಳಿದರೆ ಅವರು ಉತ್ತರ ಹೇಳಿಬಿಡುತ್ತಾರೆ ಎಂದು ಕೇಳಿಲ್ಲ.

ಕಟ್ಟಿದ ಹಣ್ಣುಗಳನ್ನು ಬಿಚ್ಚಲು ಯಾರಿಗೂ ನೆನಪಾಗಲಿಲ್ಲ. ಚಳಿ ಕಳೆಯುವ ಹೊತ್ತಿಗೆ ಅಕ್ಕ ಗಂಡನ ದೊಡ್ಡ ಕತ್ತರಿ ತಂದು, ಏಣಿ ಹಾಕಿ, ದಾರಗಳನ್ನು ಒಂದೊಂದಾಗಿ ಕತ್ತರಿಸತೊಡಗಿದರು. ದಾರ ಬಿಗಿದ ಕಡೆ ರೆಂಬೆಗಳ ತೊಗಟೆಯಲ್ಲಿ ಗೆರೆ ಬಿದ್ದಿತ್ತು. ಅದರ ಮುಂದೆ, ಪ್ರತಿ ರೆಂಬೆಯ ತುದಿಯಲ್ಲಿ, ಬರುವ ವರ್ಷದ ಮೊಗ್ಗುಗಳು ದಪ್ಪಗೆ ಕೂತಿದ್ದವು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಒಣಗುತ್ತಿದ್ದವು.

"ತಂದಿದ್ದು ನಾನು, ಕಟ್ಟಿದ್ದೂ ನಾನು" ಎಂದರು ಏಣಿ ಹಿಡಿದಿದ್ದ ಫ್ರಿಜ್ಜಣ್ಣ. "ಬೈದುಬಿಡಿ ಅಕ್ಕ, ಹಗುರಾಗುತ್ತೆ."

"ಏಣಿ ಗಟ್ಟಿಯಾಗಿ ಹಿಡ್ಕೋ."

ನಂಬರ್ ಆರು ಮೂರು ತಿಂಗಳು ಮಳೆ, ಇಬ್ಬನಿ, ಬಿಸಿಲಿನಲ್ಲಿ ನೇತಾಡಿದ್ದರೂ ಅದೇ ಕೆಂಪು, ಅದೇ ಅಳತೆ. ಹಕ್ಕಿ ಕೂಡ ಕುಕ್ಕಿರಲಿಲ್ಲ. ಅಕ್ಕ ಕೊನೆಯದನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಅಡ್ಡಕ್ಕೆ ಕೊಯ್ದು, ಒಂದು ಹೋಳು ಬಾಯಿಗೆ ಹಾಕಿಕೊಂಡರು. ಗರಕ್ಕೆಂದಿತು. ಅವರು ಅಗಿಯುತ್ತ ಮೇಲಿನಿಂದ ಕೆಳಗೆ ನೋಡಿದರು.

"ಸ್ವಲ್ಪ ಪಕ್ಕಕ್ಕೆ ನಿಲ್ಲೋ" ಎಂದು ಫ್ರಿಜ್ಜಣ್ಣನಿಗೆ ಹೇಳಿದರು. ಅವರು ಸರಿದು ನಿಂತ ಮೇಲೆ ಉಗಿದರು.